ಬೇರೆ ದಾರದ ಹೊಲಿಗೆ

ಮನೆಯಲ್ಲಿ ತಿಗಣೆ ಸಿಕ್ಕ ಬೆಳಿಗ್ಗೆಯೇ ಅದನ್ನು ತಂದವರು ಯಾರು ಎಂಬುದೂ ತೀರ್ಮಾನವಾಗಿಹೋಯಿತು.

ಅತ್ತೆ ತೋಳು ಮುಂದೆ ಚಾಚಿ ಸಾಲಾಗಿ ಎದ್ದಿದ್ದ ಕೆಂಪು ದದ್ದುಗಳನ್ನು ತೋರಿಸಿದರು. ಹಿರಿ ಸೊಸೆ ಬಗ್ಗಿಯೂ ನೋಡಲಿಲ್ಲ.

"ಕಂಡಕಂಡವರ ಬಟ್ಟೆ ತಂದು ಮನೇಲಿ ಗುಡ್ಡೆ ಹಾಕಿದ್ರೆ ಇನ್ನೇನಾಗುತ್ತೆ ಅತ್ತೆ?"

ದಿನಕ್ಕೆರಡು ಸಲ ನೆಲ ಒರೆಸುವ ಅವಳನ್ನು ಬೀದಿಯವರು ಫಿನಾಯಿಲಕ್ಕ ಎಂದು ಕರೆಯುತ್ತಿದ್ದರು. ಅವಳು ಅದನ್ನು ಬಿರುದು ಎಂದೇ ತಿಳಿದಿದ್ದಳು. ಬಟ್ಟೆ ತರುತ್ತಿದ್ದವಳು ಕಿರಿ ಸೊಸೆ. ಉದ್ದವಿದ್ದುದನ್ನು ಗಿಡ್ಡ ಮಾಡುವುದು, ಬಿಗಿಯಾದುದನ್ನು ಸಡಿಲಿಸುವುದು, ಹಾಳಾದ ಜಿಪ್ ಬದಲಿಸುವುದು ಅವಳ ಕೆಲಸ. ಅವಳ ಕೋಣೆಯ ಕಿಟಕಿಯ ಕೆಳಗಿದ್ದ ಹೊಲಿಗೆ ಮಿಷನ್ನು, ಆ ಮನೆಯಲ್ಲಿ ಅವಳು ಯಾರನ್ನೂ ಕೇಳದೆ ಮುಟ್ಟಬಹುದಾದ ಒಂದೇ ವಸ್ತು.

"ಭಾನುವಾರದೊಳಗೆ ಮಿಷನ್ನು, ಬಟ್ಟೆ ಗಂಟು ಎಲ್ಲಾ ಆಚೆ ಹೋಗ್ಬೇಕು," ಎಂದರು ಅತ್ತೆ.

"ಎಲ್ಲಿಗೆ ಅತ್ತೆ?"

"ಆ ತಿಗಣೆ ಎಲ್ಲಿಂದ ಬಂತೋ ಅಲ್ಲಿಗೆ."

ಕಿರಿಯವಳು ಗಂಡನ ಮುಖ ನೋಡಿದಳು. ಮನೆಯಲ್ಲಿ ದನಿ ಏರಿದಾಗಲೆಲ್ಲ ಅವನಿಗೆ ಶೂ ಲೇಸ್ ಬಿಗಿದುಕೊಳ್ಳುವುದು ನೆನಪಾಗುತ್ತಿತ್ತು. ಈಗಲೂ ಅದೇ ಆಯಿತು.

ತಪ್ಪು ತನ್ನದಲ್ಲವೆಂದು ಅವಳಿಗೆ ಗೊತ್ತಿತ್ತು. ಯಾರ ಬಟ್ಟೆಯೇ ಆಗಲಿ, ಹೊಸಿಲು ದಾಟುವ ಮೊದಲು ಹೊರಗಿನ ಜಗಲಿಯಲ್ಲೇ ಒಳಮೈ ಹೊರಗೆ ಮಾಡಿ, ಹೊಲಿಗೆ ಹೊಲಿಗೆಯ ಮೇಲೂ ಕಾದ ಇಸ್ತ್ರಿಪೆಟ್ಟಿಗೆ ಒತ್ತಿಯೇ ಅವಳು ಒಳಗೆ ತರುತ್ತಿದ್ದದ್ದು. ಆದರೆ ಗೊತ್ತಿರುವುದು ಬೇರೆ, ತೋರಿಸುವುದು ಬೇರೆ. ಭಾನುವಾರಕ್ಕೆ ನಾಲ್ಕು ದಿನವಿತ್ತು.

ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ, ಟಾರ್ಚು, ಒಂದು ದಬ್ಬಣ ಹಿಡಿದು ಅವಳು ತನ್ನ ಕೋಣೆಯಿಂದಲೇ ಶುರು ಮಾಡಿದಳು. ಹಾಸಿಗೆಯ ಅಂಚಿನ ಪಟ್ಟಿಯನ್ನು ಬೆರಳಿಂದ ಮಗುಚುತ್ತ ಸುತ್ತು ಹಾಕಿದಳು. ಮಂಚದ ಕೀಲುಗಳಿಗೆ, ಸ್ಕ್ರೂ ತೂತುಗಳಿಗೆ ದಬ್ಬಣ ಚುಚ್ಚಿ ತುದಿ ನೋಡಿದಳು. ಪರದೆಯ ಮಡಿಕೆ, ಫೋಟೋದ ಹಿಂಬದಿ, ಬಣ್ಣ ಎದ್ದ ಗೋಡೆಯ ಹಕ್ಕಳೆ, ಮಿಷನ್ನಿನ ಹೊಟ್ಟೆ. ನೋಡಿ ಮುಗಿದ ಜಾಗಕ್ಕೆಲ್ಲ ಒಂದು ಬಿಳಿ ಗೀಟು. ಬಟ್ಟೆ ಗಂಟಿನಲ್ಲಿ ಒಂದು ಹುಳವೂ ಇರಲಿಲ್ಲ.

"ಏನಮ್ಮಾ, ಗೋಡೆಗೂ ಅಳತೆ ತಗೊಂಡು ಅಂಗಿ ಹೊಲೀತೀಯಾ?" ಫಿನಾಯಿಲಕ್ಕ ಬಾಗಿಲಲ್ಲಿ ನಿಂತು ನಕ್ಕಳು.

ಕಿರಿಯವಳು ಇನ್ನೊಂದು ಗೀಟು ಎಳೆದಳು. ಶುಕ್ರವಾರ ಮೇನ್ ಸ್ವಿಚ್ ಆರಿಸಿ, ತಲೆದಿಂಬಿನ ಪಕ್ಕದ ಸ್ವಿಚ್ ಬೋರ್ಡಿನ ಮುಚ್ಚಳ ಬಿಚ್ಚಿದಳು. ಒಳಗೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳು, ಕಳಚಿದ ತೆಳು ಪೊರೆಗಳು. ಎರಡು ಜೀವಂತ ತಿಗಣೆಗಳು ಬೆಳಕಿಗೆ ಬೆದರಿ ವೈರಿನ ಗುಂಟ ಹಿಂದಕ್ಕೆ ಓಡಿದವು. ಆ ವೈರು ಹೋಗುತ್ತಿದ್ದದ್ದು ಗೋಡೆಯ ಆಚೆಗೆ, ಫಿನಾಯಿಲಕ್ಕನ ಕೋಣೆಗೆ. ಆ ಕೋಣೆಯ ಇನ್ನೊಂದು ಗೋಡೆಗೆ ತಾಗಿದ್ದದ್ದು ಅತ್ತೆಯ ಮಂಚ.

ಅವಳು ನೆಲದ ಮೇಲೆ ಕೂತುಬಿಟ್ಟಳು. ಮೂರು ತಿಂಗಳ ಹಿಂದಿನದೊಂದು ಮಧ್ಯಾಹ್ನ ನೆನಪಾಯಿತು. ಫಿನಾಯಿಲಕ್ಕನ ಗಂಡ, ಲಾಡ್ಜಿನ ಮ್ಯಾನೇಜರ್ ಆಗಿದ್ದ ಭಾವ, ಮನೆಗೊಂದು ದಪ್ಪ ಹಾಸಿಗೆ ತಂದಿದ್ದರು. "ಅಂಗಡೀದು, ಹೊಚ್ಚ ಹೊಸದು," ಎಂದು ಫಿನಾಯಿಲಕ್ಕ ಬೀದಿಗೆಲ್ಲ ಕೇಳುವಂತೆ ಹೇಳಿದ್ದಳು. ಆಮೇಲೆ ದಪ್ಪ ಬಟ್ಟೆ ತಂದುಕೊಟ್ಟು, "ಕವರ್ ಹೊಲಿ. ಜಿಪ್ ಬೇಡ, ಧೂಳು ನುಗ್ಗುತ್ತೆ. ನಾಲ್ಕೂ ಕಡೆ ಮುಚ್ಚಿ ಹೊಲಿದ್ಬಿಡು," ಎಂದಿದ್ದಳು. ನಾಲ್ಕನೆಯ ಬದಿಯನ್ನು ಕಿರಿಯವಳು ಕೈಯಲ್ಲೇ ಹೊಲಿದಿದ್ದಳು, ಇರುವೆ ನುಸುಳದಷ್ಟು ಒತ್ತಾಗಿ. ಹೊಲಿಯುವಾಗ ಹಾಸಿಗೆಯ ಅಂಚಿನಲ್ಲಿ ಕಪ್ಪು ಚುಕ್ಕೆಗಳು ಕಂಡಿದ್ದವು. ಹೊಸ ಹಾಸಿಗೆಗೆ ಮಸಿ ಹೇಗೆ ತಾಗಿತೆಂದು ಕೇಳಲು ಬಾಯಿ ತೆರೆದವಳು ಮುಚ್ಚಿಕೊಂಡಿದ್ದಳು. ಅಕ್ಕನಿಗೊಂದು ಪ್ರಶ್ನೆ ಕೇಳಿದರೆ ಅರ್ಧ ದಿನ ಉತ್ತರ ಕೇಳಬೇಕಾಗುತ್ತಿತ್ತು.

ಆದರೆ ತಾನು ಮುಚ್ಚಿದ ಹೊಲಿಗೆಯಿಂದ ಹುಳ ಹೊರಬರುವುದು ಹೇಗೆ?

ಭಾನುವಾರ ಬೆಳಿಗ್ಗೆ ಮಿಷನ್ನನ್ನು ಅವಳೇ ಎಳೆದು ಬಾಗಿಲ ಬಳಿ ನಿಲ್ಲಿಸಿದಳು.

"ಆಚೆ ಇಡ್ತೀನಿ ಅತ್ತೆ. ಅದಕ್ಕೆ ಮೊದಲು ಅಕ್ಕನ ಕೋಣೆ ಒಂದ್ಸಲ ನೋಡೋಣ."

"ನನ್ನ ಹಾಸಿಗೆಗೆ ಏನಾಗಿದೆ? ಅದು ಹೊಸದು!" ಫಿನಾಯಿಲಕ್ಕ ಅಡ್ಡ ಬಂದಳು.

"ಹಾಸಿಗೆ ಮಾತು ಯಾರೇ ತೆಗೆದ್ರು?" ಅತ್ತೆ ಕಣ್ಣು ಕಿರಿದು ಮಾಡಿದರು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು. ಸರಿ ಪಕ್ಕಕ್ಕೆ."

ಕೋಣೆಯಲ್ಲಿ ಫಿನಾಯಿಲ್ ವಾಸನೆ ಗಂಟಲಿಗೆ ಅಡರುತ್ತಿತ್ತು. ಕಿರಿಯವಳು ಚಾದರ ಸರಿಸಿ, ಹಾಸಿಗೆಯ ಅಂಚಿನ ಮೇಲೆ ನಿಧಾನವಾಗಿ ಬೆರಳಾಡಿಸಿದಳು. ಮೂರು ಬದಿ ಅವಳದೇ ಮಿಷನ್ ಹೊಲಿಗೆ. ನಾಲ್ಕನೆಯದರಲ್ಲಿ ಅರ್ಧ ಅವಳ ಕೈಹೊಲಿಗೆ, ಬಿಳಿ ದಾರ. ಅಲ್ಲಿಂದ ಮುಂದೆ ಕೊನೆಯವರೆಗೂ ನೀಲಿ ದಾರ, ಹಲ್ಲು ಬಿದ್ದ ಬಾಯಿಯಂಥ ದೊಡ್ಡ ದೊಡ್ಡ ಹೊಲಿಗೆ.

"ಇದು ನನ್ನ ಕೈಯಲ್ಲ ಅತ್ತೆ. ಯಾರೋ ಬಿಚ್ಚಿ ಮತ್ತೆ ಹೊಲಿದಿದ್ದಾರೆ."

ಅವಳು ನೀಲಿ ದಾರ ಕತ್ತರಿಸಿ ಬಟ್ಟೆ ಹಿಂದಕ್ಕೆ ಎಳೆದಳು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು. ಅಂಚಿನ ಉದ್ದಕ್ಕೂ ಕಂದು ಕಾಳುಗಳ ಹಾಗೆ ಒಂದಕ್ಕೊಂದು ಅಂಟಿ ಕೂತಿದ್ದವು, ಬೆಳಕು ಬಿದ್ದೊಡನೆ ಹರಿದಾಡತೊಡಗಿದವು. ಹಾಸಿಗೆಯ ತಳದ ಮೂಲೆಯಲ್ಲಿ ಭಾವನ ಲಾಡ್ಜಿನ ಮೊಹರು, ಅದರ ಕೆಳಗೆ 'ರೂಮ್ ೧೪'.

"ಅಂಗಡೀದು," ಎಂದರು ಅತ್ತೆ. "ಹೊಚ್ಚ ಹೊಸದು."

"ಅವರು ಕಚ್ಚುತ್ತೆ ಅಂದ್ರು. ತೆಗೆದು ಔಷಧಿ ಹೊಡೆದೆ. ಸತ್ತೋಗಿವೆ ಅಂದ್ಕೊಂಡೆ," ಫಿನಾಯಿಲಕ್ಕ ತೊದಲಿದಳು.

"ಸಾಯ್ಲಿಲ್ಲ ಅಕ್ಕ. ಬೆದರಿ ನೀವು ಬಿಟ್ಟ ಸಂದಿಯಿಂದ ಗೋಡೆ ದಾಟಿದ್ವು. ನೀವು ಗೂಬೆ ಮಾತ್ರ ನನ್ನ ತಲೆ ಮೇಲೆ ಕೂರಿಸಿದ್ರಿ."

ಫಿನಾಯಿಲಕ್ಕನ ಕಣ್ಣಲ್ಲಿದ್ದ ಗಾಬರಿ ಥಟ್ಟನೆ ಇಂಗಿತು. "ಮೊದಲು ಇದನ್ನ ಮುಚ್ಚಿ ಹೊಲಿದವಳು ಯಾರು? ಸೂಜಿಕಣ್ಣು ಕಾಣೋಳಿಗೆ ಇದು ಕಾಣಲಿಲ್ವಾ? ಕೇಳಿ ಅತ್ತೆ, ಇವಳು ಅವತ್ತೇ ನೋಡಿರ್ತಾಳೆ."

ಅತ್ತೆ ತಿರುಗಿದರು. "ನೋಡಿದ್ಯಾ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. "ಚುಕ್ಕೆ ನೋಡಿದ್ದೆ," ಎಂದಳು ಕಿರಿಯವಳು.

"ಮತ್ತೆ ಬಾಯಿಗೂ ಹೊಲಿಗೆ ಹಾಕ್ಕೊಂಡಿದ್ಯಾ?"

"ಈ ಮನೇಲಿ ಕೇಳಿದೋರಿಗೆ ಆಗೋದನ್ನ ನೋಡಿದ್ದೆ ಅತ್ತೆ."

ಅತ್ತೆಗೆ ಆ ಮಾತು ಹಿಡಿಸಲಿಲ್ಲ. "ಈ ದರಿದ್ರದ್ದನ್ನ ಪ್ಲಾಸ್ಟಿಕ್ಕಲ್ಲಿ ಸುತ್ತಿ ಆಚೆ ಹಾಕಿಸು," ಎಂದು ಹಿರಿಯವಳಿಗೆ ಹೇಳಿ, ಕಿರಿಯವಳ ಮುಖ ನೋಡದೆಯೇ ಸೇರಿಸಿದರು: "ಮಿಷನ್ ಇರ್ಲಿ. ಮನೇಲಿರೋ ಹಾಸಿಗೆಗೆಲ್ಲ ಕವರ್ ಹೊಲಿ."

ಯಾರೂ ತಪ್ಪಾಯಿತು ಎನ್ನಲಿಲ್ಲ. ಕಿರಿಯವಳು ಮಿಷನ್ನನ್ನು ಒಬ್ಬಳೇ ಕಿಟಕಿಯ ಬಳಿಗೆ ಎಳೆದಳು. ನೆಲದ ಮೇಲೆ ಎರಡು ಗೀರು ಬಿದ್ದವು.

ಮಧ್ಯಾಹ್ನ ಬಟ್ಟೆ ಕತ್ತರಿಸುತ್ತಿದ್ದಾಗ ಬಾಗಿಲಿಗೆ ನೆರಳು ಬಿತ್ತು.

"ನನ್ನ ಹಳೇ ಹಾಸಿಗೆ ಕವರಿಗೆ ಜಿಪ್ ಬೇಡ," ಎಂದಳು ಫಿನಾಯಿಲಕ್ಕ.

"ಎಲ್ಲದಕ್ಕೂ ಜಿಪ್ ಇರುತ್ತೆ ಅಕ್ಕ." ಕಿರಿಯವಳು ತಲೆ ಎತ್ತಲಿಲ್ಲ. "ಪ್ರತಿ ಭಾನುವಾರ ನಾನೇ ಬಂದು ತೆಗೆದು ನೋಡ್ತೀನಿ."

ಫಿನಾಯಿಲ್ ಬಕೆಟ್ಟನ್ನು ಹೊಸಿಲ ಮೇಲೆ ಕುಕ್ಕಿದ ಸದ್ದು ಕೇಳಿಸಿತು. ಕಿರಿಯವಳು ಜಿಪ್ಪಿನ ಹಲ್ಲುಗಳನ್ನು ನೇರ ಮಾಡಿಕೊಂಡು ಪೆಡಲ್ ತುಳಿದಳು.