ಎರಡನೇ ಬಟನ್ನಿನ ಮಟ್ಟ

ತಿಮ್ಮರಾಯಪ್ಪ ಬಿದಿರುಕೋಲನ್ನು ಅಣ್ಣನ ಹೆಣದ ಪಕ್ಕ ಮಲಗಿಸಿ, ನೆತ್ತಿಯಿಂದ ಅಂಗಾಲಿನವರೆಗೆ ಅಳೆದು, ಮಿಕ್ಕಿದ್ದನ್ನು ಮಚ್ಚಿನಿಂದ ಕತ್ತರಿಸಿದ. ಕುಣಿ ತೋಡುವವರಿಗೆ ಅದೇ ಅಳತೆ.

“ಚಿಕ್ಕಪ್ಪ, ಅಪ್ಪನ ಎದೆ ಮಟ್ಟಕ್ಕೆ ಕೋಲಿಗೊಂದು ಕಚ್ಚು ಹಾಕು,” ಎಂದಳು ವನಜಾಕ್ಷಿ.

“ಹೆಣದ ಕೋಲಿಗೆ ಕಚ್ಚಾ? ತಲೆ ನೆಟ್ಟಗೈತೇನಮ್ಮ? ಅದು ಅವನ ಜೊತೆ ಮಣ್ಣಿಗೋಗೋದು. ಅದರಿಂದ ಬೇರೇನೂ ಅಳೀಬಾರದು.”

ಮೂರು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಸಾಕಾಗಿದ್ದ ಅವಳಿಗೆ ವಾದಿಸಲು ತ್ರಾಣವಿರಲಿಲ್ಲ. ಅಳುವುದಕ್ಕೂ ಇರಲಿಲ್ಲ ಅನ್ನಿ. ಹಾರ ಹಿಡಿದು ಬಾಗಿಲಲ್ಲಿ ನಿಂತಿದ್ದ ಅರುಣ್ ಕುಮಾರ್ ಸಾರ್ ತಲೆ ತಗ್ಗಿಸಿದರು. ಅವಳು ಯಾಕೆ ಕೇಳಿದಳೆಂದು ಅವರೊಬ್ಬರಿಗೇ ಗೊತ್ತು.

*

ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಚಿಂಕಾರ ಜಿಂಕೆಗಳು ಎಲ್ಲಿ ಮೇಯುತ್ತವೆ, ಬಿಸಿಲೇರಿದರೆ ಯಾವ ಮರದ ನೆರಳು ಹಿಡಿಯುತ್ತವೆ ಎಂದು ತಿಳಿಯಲು ಸಂಶೋಧಕ ಅರುಣ್ ಕುಮಾರ್ ಒಂದೊಂದು ಮರವನ್ನೂ ನಕ್ಷೆಗೆ ಇಳಿಸುತ್ತಿದ್ದರು. ಮರಕ್ಕೆ ನಂಬರಿನ ಬಿಲ್ಲೆ ಹೊಡೆದು, ವರ್ಷಕ್ಕೊಮ್ಮೆ ಸುತ್ತಳತೆ ಹಿಡಿಯುವುದು ವನಜಾಕ್ಷಿಯ ಅಪ್ಪ ಮುದ್ದಣ್ಣನ ಕೆಲಸ, ಬರೆದುಕೊಳ್ಳುವುದು ಮಗಳದು. ನೆಲದಿಂದ ಇಷ್ಟೇ ಎತ್ತರಕ್ಕೆ ಟೇಪು ಸುತ್ತಬೇಕೆಂದು ಸಾರ್ ಒಂದು ಕೋಲು ಕೊಟ್ಟಿದ್ದರು. ಮೊದಲ ವಾರವೇ ಅದನ್ನು ಎಲ್ಲೋ ಮರೆತು ಬಂದ ಮಹಾನುಭಾವ, ಅಂಗಿಯ ಎರಡನೇ ಬಟನ್ನಿನ ಮಟ್ಟಕ್ಕೆ ಟೇಪು ಹಿಡಿದು ಹತ್ತೊಂಬತ್ತು ವರ್ಷ ತಳ್ಳಿದ. ಮಟ್ಟ ತಪ್ಪಬಾರದೆಂದು ಅಂಗಿಗಳನ್ನೆಲ್ಲ ಒಬ್ಬನೇ ದರ್ಜಿಯ ಹತ್ತಿರ ಹೊಲಿಸಿದ! ಗುಟ್ಟು ರಟ್ಟಾದದ್ದು ಹೋದ ವರ್ಷ.

ಸಾರ್ ತಲೆ ಮೇಲೆ ಕೈ ಹೊತ್ತು ಕೂತವರು ಆಮೇಲೆ ನಕ್ಕುಬಿಟ್ಟರು. “ಮಟ್ಟ ಬದಲಾದರೆ ಮರ ದಪ್ಪ ಆಯ್ತೋ, ಟೇಪು ಜರುಗಿತೋ ಗೊತ್ತಾಗಲ್ಲ ಮುದ್ದಣ್ಣ. ಮುಂದಿನ ಸಲ ನೀವೇ ನಿಂತು ಎಲ್ಲಾ ಮರಕ್ಕೂ ಬಣ್ಣದ ಗೆರೆ ಎಳೀಬೇಕು.”

“ಎಳೆಯಾಣ. ನಾನೆಲ್ಲಿಗೋಯ್ತೀನಿ ಬುಡಿ ಸಾರ್.”

*

ಕೋಲು ಕುಣಿಗೆ ಹೋಯಿತು, ಮೇಲೆ ಮಣ್ಣು ಬಿತ್ತು. ಹೆಂಗಸರು ಮುದ್ದಣ್ಣನ ಹೆಂಡತಿ ಲಕ್ಕಮ್ಮನನ್ನು ನೀರಿನ ತೊಟ್ಟಿಯ ಹತ್ತಿರ ಕೂರಿಸಿ, ಬಳೆ ಒಡೆದು, ಕುಂಕುಮ ಒರೆಸಿದರು. ಹಾಳು ಶಾಸ್ತ್ರ, ಯಾರನ್ನೂ ಬಿಡದು.

ಜನ ಚದುರಿದ ಮೇಲೆ ಹೊಲದಂಚಿನ ಕಮರದ ಮರದ ಬುಡದಲ್ಲಿ ವನಜಾಕ್ಷಿ ಕುಸಿದು ಕೂತಳು. ತಲೆಯ ಮೇಲೆ ಅಪ್ಪ ಹೊಡೆದ ಬಿಲ್ಲೆ. ಲಕ್ಕಮ್ಮ ಬಂದು ಪಕ್ಕದಲ್ಲಿ ಕೂತಾಗ ಅವಳಿಗೆ ಬಟನ್ನಿನ ಕತೆಯನ್ನೆಲ್ಲ ಹೇಳಿದಳು.

“ಅಷ್ಟು ವರ್ಷದ ಕೆಲಸ ಹೊಳೇಲಿ ಹುಣಸೇಹಣ್ಣು ಕಿವುಚ್ದಂಗಾಯ್ತು ಕಣವ್ವ. ಆ ಮಟ್ಟ ಇನ್ಯಾರಿಗೆ ಗೊತ್ತು?”

“ಯಾವ ಬಟನ್ನು? ಎರಡನೇದಾ?” ಲಕ್ಕಮ್ಮ ತಲೆಯೆತ್ತಿದಳು. “ಅಯ್ಯೋ, ಅದರ ಮೇಲೇ ಅಲ್ವೇನೇ ನನ್ನ ಕುಂಕುಮ ಹತ್ತುತಿದ್ದುದು! ಉಜ್ಜಿ ಉಜ್ಜಿ ಕೈ ಸೋತೋಗಿತ್ತು ನಂಗೆ.”

ಹೇಳಬಾರದ್ದು ಬಾಯಿಗೆ ಬಂತೆಂಬಂತೆ ಸೆರಗು ಒತ್ತಿಕೊಂಡಳು. ಆಮೇಲೆ ನೆಲಕ್ಕೆ ಕೈಯೂರಿ ಎದ್ದು, ಬರಿಗಾಲಲ್ಲಿ ಮರಕ್ಕೆ ಬೆನ್ನು ಕೊಟ್ಟು ನಿಂತಳು.

“ನೆಟ್ಟಗೆ ನಿಂತಿದೀನಾ ನೋಡು.”

ವನಜಾಕ್ಷಿ ಬಳಪ ಹಿಡಿದು ಹತ್ತಿರ ಬಂದಳು. ಅವ್ವನ ಒದ್ದೆ ಹಣೆಯ ನಡುವೆ, ಎಷ್ಟು ಒರೆಸಿದರೂ ಹೋಗದೆ, ನಲವತ್ತು ವರ್ಷ ಕುಂಕುಮ ಕೂತಿದ್ದ ಜಾಗ ದುಂಡಗೆ ಉಳಿದಿತ್ತು. ಅದರ ನೇರಕ್ಕೆ ತೊಗಟೆಯ ಮೇಲೆ ಗೆರೆ ಎಳೆದಳು.