ಮೊದಲ ಮೂಟೆಯ ಎಣಿಕೆ

ತಿ. ನರಸೀಪುರದ ಅಕ್ಕಿ ಗಿರಣಿಯಲ್ಲಿ ಭತ್ತ ತೂಗುವ ಪುಟ್ಟಬಸವಯ್ಯ ಬೆಳಗಿನಿಂದ ದಾಕ್ಷಾಯಿಣಿಯ ಕೈಚಳಕವನ್ನೇ ಬೆರಗಿನಿಂದ ನೋಡುತ್ತಿದ್ದ. ಮೈಸೂರಿನಿಂದ ಬಂದಿದ್ದ ಈ ಹುಡುಗಿ ಹೊಸ ಎಲೆಕ್ಟ್ರಾನಿಕ್ ತಕ್ಕಡಿಯಿಂದ ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ ಕೇಬಲ್ ಎಳೆದಿದ್ದಳು. ಮೊದಲಿಗೆ ಪರದೆಯ ತುಂಬ ಅರ್ಥವಿಲ್ಲದ ಗುರುತುಗಳು ಬಂದವು. ಅವಳು ಬೇಸರಿಸದೆ ತಕ್ಕಡಿ ಅಂಕಿ ಕಳಿಸುವ ವೇಗಕ್ಕೆ ಕಂಪ್ಯೂಟರ್ ಓದುವ ವೇಗ ಹೊಂದಿಸಿದಳು. ತಕ್ಕಡಿಯ ಮೇಲಿದ್ದ ಮೊದಲ ಮೂಟೆಯ ತೂಕ ಅಚ್ಚುಕಟ್ಟಾಗಿ ಮೂಡಿತು. ಪಕ್ಕದಲ್ಲಿ ಮೂಟೆಯ ಎಣಿಕೆ ‘ಒಂದು’ ಎಂದಿತ್ತು.

ಪುಟ್ಟಬಸವಯ್ಯನ ಮುಖ ಸಣ್ಣಗಾಯಿತು. “ಎಲ್ಲಾ ಸರಿ ಕಣವ್ವ. ಆದ್ರೆ ಅಳೆಯುವಾಗ ಮೊದಲ್ನೇದ್ನ ನಾವು ಒಂದು ಅನ್ನಕಿಲ್ಲ, ಲಾಭ ಅಂತೀವಿ.”

ಗಿರಣಿಯ ಯಜಮಾನ ನಕ್ಕ. ದಾಕ್ಷಾಯಿಣಿ ನಗಲಿಲ್ಲ, ಮತ್ತೆ ಕೀಲಿಮಣೆಯ ಮುಂದೆ ಕೂತಳು.

ಮುಂದಿನ ರೈತನ ಮೊದಲ ಮೂಟೆ ತಕ್ಕಡಿಗೇರಿತು. ರೂಢಿಯಂತೆ ಕೂಗಲು ಪುಟ್ಟಬಸವಯ್ಯ ಬಾಯಿ ತೆರೆದ. ಪರದೆಯ ಮೇಲೆ ಆಗಲೇ ‘ಲಾಭ’ ಎಂದಿತ್ತು.

“ಈಗ ಸುರುವಾಯ್ತು ತೂಕ,” ಎಂದ.