ಕಲ್ಲಿನ ಬುಡದ ಮಣ್ಣು

ಹೆದರಿಕೆಯ ವಿಷಯದಲ್ಲಿ ನಮ್ಮ ಮನೆತನಕ್ಕೆ ಸಾಟಿಯಿಲ್ಲ. ಅಪ್ಪ ಮುಂಬೈ ಪಕ್ಕದ ಠಾಣೆ ಪಟ್ಟಣದ ನೌಪಾಡಾದಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿದರು. ರಾಹುಕಾಲದಲ್ಲಿ ಒಂದು ದಿನವೂ ಹೊಸ ಗ್ರೈಂಡರಿನ ಸ್ವಿಚ್ಚು ಮುಟ್ಟಲು ಬಿಟ್ಟವರಲ್ಲ. ಅವರ ಮಗ ಸಂಕರ್ಷಣ, ಅಂದರೆ ನಾನು, ಎಂಎಸ್ಸಿ ಮುಗಿಸಿ ರಬಾಳೆಯ ಮಣ್ಣು ಪರೀಕ್ಷೆಯ ಲ್ಯಾಬಿಗೆ ಸೇರಿದೆ. ಓದಿದರೆ ಹೆದರಿಕೆ ಹೋಗುತ್ತದೆ ಎನ್ನುವವರು ನನ್ನನ್ನೊಮ್ಮೆ ನೋಡಬೇಕು.

ಕಲ್ಯಾಣದಾಚೆ ಒಂದು ಹುಲ್ಲುಗುಡ್ಡ. ಅರ್ಧಕ್ಕೆ ಐದು ವರ್ಷದಿಂದ ಬೇಲಿಯಿದೆ. ಉಳಿದರ್ಧದಲ್ಲಿ ಜಯೇಶ್ ಎಂಬವನ ಮತ್ತು ಅವನ ಕೇರಿಯವರ ದನಗಳು ಮೇಯುತ್ತವೆ. ಯಾವ ಕಡೆಯ ಮಣ್ಣು ಹೆಚ್ಚು ಇಂಗಾಲ ಹಿಡಿದಿಟ್ಟಿದೆ ಎಂದು ನಾವು ಹೇಳಬೇಕಿತ್ತು. ಮೇಯುವ ಕಡೆ ಕಡಿಮೆ ಬಂದರೆ ಒಂದು ಕಂಪನಿ ಇಡೀ ಗುಡ್ಡಕ್ಕೆ ಬೇಲಿ ಹಾಕಿ, ಮಣ್ಣು ಹಿಡಿದಿಟ್ಟ ಇಂಗಾಲದ ಲೆಕ್ಕಕ್ಕೆ ಸಿಗುವ ಕಾರ್ಬನ್ ಕ್ರೆಡಿಟ್ ಮಾರುತ್ತದೆ. ಆಮೇಲೆ ದನಗಳಿಗೆ ಅಲ್ಲಿ ಜಾಗವಿಲ್ಲ.

ಮಣ್ಣು ತೆಗೆಯುವ ಜಾಗ ಆರಿಸುವುದು ನಾವಲ್ಲ, ಕಂಪ್ಯೂಟರು. ಒಂದೊಂದು ಕಡೆ ಮೂರು ಜಾಗ, ಮೂರರ ಮಣ್ಣೂ ಬೆರೆಸಿ ಒಂದೇ ಚೀಲ. ಮೇಯುವ ಕಡೆಯ ಮೂರನೆಯ ಜಾಗಕ್ಕೆ ಹೋದರೆ ಅಲ್ಲಿ ಮೊಣಕಾಲೆತ್ತರದ ಕಲ್ಲು, ಮೈತುಂಬ ಸಿಂಧೂರ, ಬುಡದಲ್ಲೊಂದು ಬಿಲ. ನಾಗನ ಕಲ್ಲೇ ಎಂದುಕೊಂಡೆ. ನನ್ನ ಹೆಂಡತಿ ಶ್ರೀಪ್ರಿಯಾಗೆ ಆಗ ಏಳು ತಿಂಗಳು. ಹೆಂಡತಿ ಬಸುರಿಯಿರುವಾಗ ಗಂಡ ಹಾವಿನ ತಂಟೆಗೆ ಹೋಗಬಾರದು, ನಾಗನ ಕಲ್ಲಿನ ಬುಡ ಅಗೆಯುವುದಂತೂ ದೂರದ ಮಾತು. ನಮ್ಮ ಉಡುಪಿಯ ಕಡೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎರಡು ವರ್ಷದ ಹಿಂದೆ ಬಸಿರಿನ ಐದನೇ ತಿಂಗಳಿಗೇ ನಾವು ಒಂದು ಮಗುವನ್ನು ಕಳೆದುಕೊಂಡಿದ್ದೆವು.

ಹತ್ತು ಹೆಜ್ಜೆ ಕೆಳಗೆ ಸರಿದು, ದನಗಳು ನೀರಿಗಿಳಿಯುವ ಜಾಡಿನಲ್ಲಿ ಮಣ್ಣು ತೆಗೆಯುವ ಉಕ್ಕಿನ ಕೊಳವೆ ಬಡಿದೆ. ಗೊರಸು ತುಳಿದು ತುಳಿದು ಒಂದೆಳೆ ಹುಲ್ಲೂ ಉಳಿಯದ ಗಟ್ಟಿ ಕೆಂಪು ನೆಲ. ಫಾರ್ಮಿನಲ್ಲಿ ಮಾತ್ರ ಕಂಪ್ಯೂಟರು ಹೇಳಿದ ಜಾಗವನ್ನೇ ಬರೆದೆ.

ಶುಕ್ರವಾರ ಫಲಿತಾಂಶ ಬಂತು. ಬೇಲಿಯೊಳಗಿನ ಮಣ್ಣಿನಲ್ಲಿ ಇಂಗಾಲ ನೂರಕ್ಕೆ ಎರಡು, ದನ ಮೇದ ಕಡೆ ಒಂದೂವರೆ.

"ಬಸ್, ಕ್ಲಿಯರ್ ಹೈ," ಎಂದ ಮ್ಯಾನೇಜರ್ ಮನೀಶ. ನಮ್ಮ ಊರ ಕಡೆಯವರ ಮಗನೇ, ಠಾಣೆಯಲ್ಲಿ ಹುಟ್ಟಿದವ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. "ಮಂಡೇ ಕೋ ರಿಪೋರ್ಟ್ ಭೇಜ್ ದೇಂಗೆ. ಕುಛ್ ಗಡ್‌ಬಡ್ ತೋ ನಹೀಂ ನಾ?"

"ಎಡವಟ್ಟು ಎಂತ ಇಲ್ಲ, ಸೋಮವಾರ ಕಳಿಸಬಹುದು," ಎಂದೆ.

ಡೊಂಬಿವಲಿಯ ಮನೆಗೆ ಹೋಗುವ ಲೋಕಲ್ ರೈಲಿನಲ್ಲಿ ಮುಂಬ್ರಾದ ಗುಡ್ಡ ಬಂದಾಗ ಕಣ್ಣು ಮುಚ್ಚಿಕೊಂಡೆ. ದನ ಮಿತವಾಗಿ ಮೇದರೆ ಹುಲ್ಲು ಮತ್ತೆ ಚಿಗುರುತ್ತದೆ, ಹಳೆ ಬೇರು ಕೊಳೆತು ಅದರ ಇಂಗಾಲ ಮಣ್ಣಿನಲ್ಲೇ ಉಳಿಯುತ್ತದೆ. ಅತಿಯಾಗಿ ತುಳಿದಲ್ಲಿ ನೆಲ ಬೋಳಾಗುತ್ತದೆ. ನಾನೋ ಒಂದು ಬೋಳು ಜಾಡನ್ನು ಇಡೀ ಗುಡ್ಡದ ತಲೆಗೆ ಕಟ್ಟಿದ್ದೆ. ಶನಿವಾರವಿಡೀ ಅನ್ನ ಸೇರಲಿಲ್ಲ. ಅಗೆದರೆ ನನ್ನ ಮಗು, ಅಗೆಯದಿದ್ದರೆ ಜಯೇಶನ ದನ.

ಭಾನುವಾರ ಬೆಳಿಗ್ಗೆ ಮತ್ತೆ ಗುಡ್ಡ ಹತ್ತಿದೆ. ಮೊದಲೆರಡು ಜಾಗದ ಮಣ್ಣು ತೆಗೆದು ಕಲ್ಲಿನ ಮುಂದೆ ನಿಂತೆ. ಜಯೇಶ್ ದನ ಬಿಟ್ಟು ಹತ್ತಿರ ಬಂದ. "ಕಾಯ್ ಸಾಹೇಬ್, ಪರತ್ ಆಲಾತ್?" ಎಂದು ಕೇಳಿದ. ಮತ್ತೆ ಯಾಕೆ ಬಂದೆನೆಂದು ನನಗೆ ಬಂದಷ್ಟು ಮರಾಠಿಯಲ್ಲಿ ಎಲ್ಲ ಹೇಳಿಬಿಟ್ಟೆ.

ಅವನು ಬೈಯಲಿಲ್ಲ. ಅದು ನಾಗನಲ್ಲ, ವಾಘೋಬಾ, ದನ ಕಾಯುವ ಹುಲಿದೇವರು ಎಂದ. ನನಗೆ ಸಮಾಧಾನವಾಗಬೇಕಿತ್ತು. ಹಾವು ಹೋಗಿ ಹುಲಿ ಬಂತು, ಅಷ್ಟೆ. ಬಿಲವಂತೂ ಅಲ್ಲೇ ಇತ್ತು.

"ದನವೇ ಇಲ್ಲದಿದ್ದರೆ ವಾಘೋಬಾ ಯಾರನ್ನು ಕಾಯಬೇಕು?" ಎಂದು ಅವನು ತನ್ನ ಮರಾಠಿಯಲ್ಲಿ ಕೇಳಿ ಕೈ ಚಾಚಿದ. "ಕೊಡಿ ಇಲ್ಲಿ, ನಾನೇ ಹೊಡೆಯುತ್ತೇನೆ."

ಕೊಳವೆಯನ್ನು ಕೊಟ್ಟೇಬಿಡುತ್ತಿದ್ದೆ. ಆದರೆ ಅವನ ಮನೆಯಲ್ಲೂ ಮಕ್ಕಳಿದ್ದಾರೆ. ನನ್ನ ಹೆದರಿಕೆಯನ್ನು ಅವನ ಮನೆಗೆ ದಾಟಿಸಲೇ? ಚಪ್ಪಲಿ ಕಳಚಿಟ್ಟೆ, ಕಲ್ಲಿಗೆ ಕೈಮುಗಿದೆ. "ತಪ್ಪಾಯಿತು, ಮಗುವಿಗೆ ಏನೂ ಮಾಡಬೇಡ," ಎಂದು ಗಟ್ಟಿಯಾಗಿಯೇ ಹೇಳಿ ಸುತ್ತಿಗೆ ಎತ್ತಿದೆ. ಒಂದೊಂದು ಏಟಿಗೂ ಬಿಲದ ಕಡೆ ನೋಡಿದೆ. ಮೇಲೆ ಬಂದ ಮಣ್ಣು ಇಂಗಾಲ ತುಂಬಿ ಕಪ್ಪಗಿತ್ತು, ಗೇಣುದ್ದ ಕೆಳಗಿನವರೆಗೂ ಬಿಳಿ ಬೇರು.

ಅಲ್ಲಿಂದಲೇ ಮನೀಶನಿಗೆ ಫೋನ್ ಮಾಡಿ, ರಿಪೋರ್ಟ್ ಕಳಿಸಬೇಡ, ನಾನು ಜಾಗ ಸುಳ್ಳು ಬರೆದಿದ್ದೆ ಎಂದೆ. ಅವನು, "ಕಲ್ ಆ ಕೇ ಮಿಲ್," ಎಂದು ಫೋನಿಟ್ಟ. ನಾಳೆ ಬಂದು ಕಾಣಬೇಕಂತೆ.

ಮನೆ ಬಾಗಿಲಲ್ಲೇ ಶ್ರೀಪ್ರಿಯಾ ನನ್ನ ಉಗುರು ನೋಡಿದಳು. "ಎಂತ ಇದು, ಭಾನುವಾರ ಮಣ್ಣು?"

ಕಲ್ಲು, ಸಿಂಧೂರ, ಬಿಲ, ಜಯೇಶನ ದನ, ಎಲ್ಲ ಹೇಳಿದೆ. ಅವಳ ಕೈ ತಾನಾಗಿ ಹೊಟ್ಟೆಗೆ ಹೋಯಿತು. ಈಗ ಅಳುತ್ತಾಳೆ, ಇಲ್ಲವೇ ಊರಿಗೆ ಫೋನ್ ಮಾಡುತ್ತಾಳೆ ಎಂದುಕೊಂಡೆ.

"ದನಗಳಿಗೆ ಗುಡ್ಡ ಸಿಕ್ತದಾ?" ಎಂದು ಕೇಳಿದಳು.

"ಗೊತ್ತಿಲ್ಲ. ಸುಳ್ಳು ಲೆಕ್ಕ ಅಂತೂ ಹೋಗುದಿಲ್ಲ."

ಅವಳು ಬಚ್ಚಲಿನ ದೀಪ ಹಾಕಿದಳು. "ಮೊದಲು ಕೈ ತೊಳ್ದು ಬನ್ನಿ. ಇನ್ನೂ ಎರಡು ತಿಂಗಳು ಉಂಟಲ್ಲ, ಇಬ್ಬರೂ ಒಟ್ಟಿಗೇ ಹೆದರುವ."